ಕಂಟೆಪ್ಪ ತೊಳೆಯದ ಹಲ್ಲು

ಮಕ್ಕಳೇ, ಈ ಕತೆಯಲ್ಲಿ ನಗು ಕಡಿಮೆ. ಆದರೂ ಕಿವಿಗೊಟ್ಟು ಕೇಳಿ.

ಒಂದು ಕುರುಚಲು ಕಾಡು. ಅದರ ನಡುವೆ ಒಂದು ಹೊಂಡ, ಹೊಂಡದ ಸುತ್ತ ಮೂವತ್ತು ದಾಳಿಂಬೆ ಗಿಡಗಳು. ಬೇಸಿಗೆ ಬಂತೆಂದರೆ ಹೊಂಡ ಬತ್ತಿ ತಳ ಬಿರುಕು ಬಿಡುತ್ತಿತ್ತು. ದೊಡ್ಡ ಪ್ರಾಣಿಗಳು ನದಿಯ ಕಡೆ ಹೊರಟುಬಿಡುತ್ತಿದ್ದವು. ಇಲಿ, ಅಳಿಲುಗಳಿಗೆ ಅಷ್ಟು ದೂರ ನಡೆಯಲು ಶಕ್ತಿ ಎಲ್ಲಿಂದ ಬರಬೇಕು? ಅವಕ್ಕೆ ದಾಳಿಂಬೆಯ ರಸವೇ ನೀರು. ಒಂದೊಂದು ಸಂಸಾರಕ್ಕೆ ಒಂದೊಂದು ಗಿಡ.

ಆ ಕಾಡಿನಲ್ಲಿ ಕಂಟೆಪ್ಪನೆಂಬ ಮುಳ್ಳುಹಂದಿ ಇದ್ದ. ಅವನ ಹಲ್ಲು ಉಳಿಯಷ್ಟು ಹರಿತ. ಒಣರೆಂಬೆ ತೆಗೆಯಬೇಕಾದರೂ, ಬಿಲಕ್ಕೆ ಅಡ್ಡ ಬಂದ ಬೇರು ಕಡಿಯಬೇಕಾದರೂ ಎಲ್ಲರೂ ಅವನನ್ನೇ ಕರೆಯುತ್ತಿದ್ದರು. ಅವನು ಇಲ್ಲವೆಂದವನಲ್ಲ. ಆದರೆ ಕೆಲಸ ಮುಗಿದ ಮೇಲೆ, "ಹೇಗಿದೆ ನನ್ನ ಹಲ್ಲಿನ ಕೆಲಸ?" ಎಂದು ಕೇಳಿ ಹೊಗಳಿಸಿಕೊಳ್ಳದೆ ಮನೆಗೆ ಹೋದವನೂ ಅಲ್ಲ.

ಒಮ್ಮೆ ಮಳೆಗಾಲ ಮುಗಿಯುವ ಹೊತ್ತಿಗೆ ಹೊಂಡದ ದಂಡೆಯ ಮೂರು ಗಿಡಗಳಲ್ಲಿ ಎಲೆಯ ತುಂಬ ಎಣ್ಣೆ ಸಿಡಿದಂಥ ಚುಕ್ಕೆಗಳು ಎದ್ದವು. ಕಾಯಿಗಳ ಮೇಲೆ ಕಪ್ಪು ಕಲೆ. ಒಂದೆರಡು ಕಾಯಿ ಸೀಳಿ ಬಾಯಿ ಬಿಟ್ಟಿದ್ದವು. ಮೊದಲು ಕಂಡವಳು ಗೆರೆಯವ್ವ ಎಂಬ ಅಳಿಲು. ಅವಳು ಓಡಿಹೋಗಿ ಎಲ್ಲರಿಗಿಂತ ಹಿರಿಯಳಾದ ಉಡದಜ್ಜಿಯನ್ನು ಕರೆತಂದಳು.

ಅಜ್ಜಿ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಕಪ್ಪಿಟ್ಟಿತು.

"ಇದು ಅಂಗಮಾರಿ ರೋಗ. ಕಣ್ಣಿಗೆ ಕಾಣದ ದುಂಡಾಣುವಿನ ಕೆಲಸ. ನಾನು ಹುಟ್ಟಿದ ಕಾಡಿನ ತೋಪು ಇದರಿಂದಲೇ ಹಾಳಾಯಿತು."

"ಮದ್ದಿಲ್ಲವೇ ಅಜ್ಜೀ?" ಎಂದಳು ಗೆರೆಯವ್ವ.

"ರೋಗ ಹತ್ತಿದ ರೆಂಬೆಗೆ ಮದ್ದಿಲ್ಲ. ಹತ್ತದ ಗಿಡಗಳನ್ನು ಉಳಿಸಿಕೊಳ್ಳಬಹುದು. ಚುಕ್ಕೆ ಕಂಡಲ್ಲಿಂದ ಒಂದು ಗೇಣು ಕೆಳಗೆ ರೆಂಬೆ ಕತ್ತರಿಸಿ. ಕತ್ತರಿಸಿದ್ದು, ಉದುರಿದ್ದು ಎಲ್ಲವನ್ನೂ ದೂರ ಒಯ್ದು ಆಳವಾಗಿ ಹೂಳಿ. ಗಾಯಕ್ಕೆ ಸುಣ್ಣ ಬಳಿಯಿರಿ. ಎಲೆ ಒದ್ದೆಯಿರುವಾಗ ಮಾತ್ರ ಗಿಡ ಮುಟ್ಟಬೇಡಿ."

ಆಮೇಲೆ ಸುದ್ದಿ ಕೇಳಿ ಬಂದು ನಿಂತಿದ್ದ ಕಂಟೆಪ್ಪನ ಕಡೆ ತಿರುಗಿದಳು. "ಮಗಾ, ನಿನಗೆ ಇನ್ನೊಂದು ಮಾತು. ಒಂದು ಗಿಡ ಮುಗಿಸಿ ಇನ್ನೊಂದನ್ನು ಮುಟ್ಟುವ ಮೊದಲು ಸುಣ್ಣದ ನೀರಿನಲ್ಲಿ ಹಲ್ಲು ತೊಳೆ. ಪ್ರತಿ ಸಲವೂ ತೊಳೆಯಬೇಕು."

ಗುಡ್ಡದ ಬದಿಯಲ್ಲಿ ಹಾಳುಬಿದ್ದ ಸುಣ್ಣದ ಗೂಡೊಂದಿತ್ತು. ಅದರ ತೊಟ್ಟಿಯಿಂದ ಸುಣ್ಣ ತಂದರು. ಬಿಸಿಲೇರಿ ಎಲೆ ಒಣಗಿದ ಮೇಲೆ ಕಂಟೆಪ್ಪ ಕತ್ತರಿಸತೊಡಗಿದ. ಗೆರೆಯವ್ವ ಬಾಲವನ್ನು ಸುಣ್ಣದಲ್ಲಿ ಅದ್ದಿ ಗಾಯಗಳಿಗೆ ಬಳಿಯುತ್ತ ಹೋದಳು. ಸಂಜೆಯೊಳಗೆ ಅವಳ ಬಾಲದ ಕೂದಲು ಉದುರಿ ಚರ್ಮ ಬಿರಿಯಿತು. ಆದರೂ ಅವಳು ಬಳಿಯುವುದನ್ನು ನಿಲ್ಲಿಸಲಿಲ್ಲ.

ಮೊದಲ ಗಿಡ ಮುಗಿದಾಗ ಕಂಟೆಪ್ಪ ಹಲ್ಲು ತೊಳೆದ. ನಾಲಿಗೆ ಕಾದ ಹಂಚಿಗೆ ತಾಗಿದಂತಾಯಿತು. ಎರಡನೆಯ ಗಿಡ ಮುಗಿದಾಗ ಹೊಂಡದ ನೀರಿನಲ್ಲಿ ತನ್ನ ಮುಖ ನೋಡಿಕೊಂಡ. ಹಲ್ಲು ಥಳಥಳ ಹೊಳೆಯುತ್ತಿತ್ತು.

'ಇಷ್ಟು ಚೊಕ್ಕಟವಾದ ಹಲ್ಲಿಗೆ ಯಾವ ರೋಗ ಅಂಟೀತು? ಮುದುಕಿಗೆ ಎಲ್ಲದಕ್ಕೂ ಭಯ' ಎಂದುಕೊಂಡ. ತೊಳೆಯಲಿಲ್ಲ.

ಮೂರನೆಯದೂ ಮುಗಿಯಿತು. ಸುತ್ತಲಿನವರು, "ಹೇಗೂ ಬಂದಿದ್ದೀಯ, ನಮ್ಮ ಗಿಡದ ಒಣರೆಂಬೆಯನ್ನೂ ತೆಗೆದುಬಿಡು ಮಾರಾಯಾ" ಎಂದು ಕರೆದರು. ಕಂಟೆಪ್ಪ ಉಬ್ಬಿಹೋದ. ಒಂದಾದ ಮೇಲೊಂದು ಗಿಡಕ್ಕೆ ಹಲ್ಲು ಹಾಕಿದ. ನಾಲ್ಕು ದಿನದಲ್ಲಿ ಇಡೀ ತೋಪು ಸುತ್ತಿದ. ಕೊನೆಗೆ ಉಳಿದದ್ದು ಗೆರೆಯವ್ವನ ಗಿಡ. ಅದರ ಬುಡದ ಪೊಟರೆಯಲ್ಲಿ ಅವಳ ಮೂರು ಮರಿಗಳಿದ್ದವು.

"ಅಣ್ಣಾ, ಹಲ್ಲು ತೊಳೆದಿದ್ದೀಯಲ್ಲ?" ಎಂದು ಕೇಳಿದಳು.

"ಇದೇನು ಕೇಳುತ್ತೀಯ ತಂಗೀ! ತೊಳೆಯದೆ ಬರುತ್ತೇನೆಯೇ?" ಎಂದ ಕಂಟೆಪ್ಪ.

ಇಪ್ಪತ್ತು ದಿನ ಕಳೆಯಿತು. ನಡುವೆ ಎರಡು ಸಲ ಅಕಾಲ ಮಳೆ ಬಿತ್ತು. ಒಂದು ಬೆಳಿಗ್ಗೆ ನೋಡಿದರೆ ಮೂವತ್ತು ಗಿಡಗಳಲ್ಲೂ ಅದೇ ಎಣ್ಣೆಚುಕ್ಕೆ.

ಉಡದಜ್ಜಿ ಒಂದೊಂದು ಗಿಡವನ್ನೂ ಏರಿ ಇಳಿದಳು. "ಎಲ್ಲ ಕಡೆಯೂ ರೋಗ ಹಲ್ಲು ತಾಗಿದ ಜಾಗದಿಂದಲೇ ಶುರುವಾಗಿದೆ. ಒಳಗೆ ಹೊಕ್ಕ ಮೇಲೆ ಹೊರಗೆ ಬಳಿದ ಸುಣ್ಣ ಏನು ಮಾಡೀತು? ಕಂಟೆಪ್ಪಾ, ತೊಳೆದಿದ್ದೆಯಾ?"

"ತೊಳೆದಿದ್ದೆ" ಎಂದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನ ಮುಳ್ಳುಗಳು ಒಂದೊಂದಾಗಿ ಮಲಗಿದವು. "ಮೊದಲನೆಯ ಗಿಡವಾದ ಮೇಲೆ ಮಾತ್ರ."

ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಬೇಸಿಗೆ ಬಂತು. ಕಾಯಿಗಳು ರಸ ತುಂಬುವ ಮೊದಲೇ ಕಪ್ಪಾಗಿ ಸೀಳಿ ಉದುರಿದವು. ಹೊಂಡ ಬತ್ತಿತು. ಮೊದಲು ಇಲಿಗಳು ಸತ್ತವು. ಗೆರೆಯವ್ವನ ಕಿರಿಯ ಮರಿ ಕಣ್ಣು ತೆರೆಯದಂತಾಯಿತು.

ಕಂಟೆಪ್ಪ ಒಣಗಿದ ಸೋರೆಬುರುಡೆಯನ್ನು ಬಾಯಲ್ಲಿ ಕಚ್ಚಿಕೊಂಡು ನದಿಗೆ ನಡೆದ. ಹೋಗಲು ಒಂದು ದಿನ, ಬರಲು ಒಂದು ದಿನ. ದಾರಿಯಲ್ಲಿ ಅರ್ಧ ನೀರು ಚೆಲ್ಲಿತು. ಉಳಿದದ್ದನ್ನು ಪೊಟರೆಯ ಮುಂದೆ ತಂದಿಟ್ಟ.

ಗೆರೆಯವ್ವ ಆಗ ತಾನೇ ಕಿರಿಯ ಮರಿಗೆ ಮಣ್ಣು ಮುಚ್ಚಿ ಬಂದಿದ್ದಳು. ಉಳಿದ ಎರಡು ಮರಿಗಳಿಗೆ ನೀರು ಕುಡಿಸಿದಳು. ಅವನ ಮುಖ ನೋಡಲಿಲ್ಲ.

"ತಂಗೀ" ಎಂದ ಕಂಟೆಪ್ಪ.

"ಬುರುಡೆ ತೆಗೆದುಕೊಂಡು ಹೋಗು" ಎಂದಳು.

ಆ ಬೇಸಿಗೆಯಿಡೀ ಅವನು ನದಿಗೂ ತೋಪಿಗೂ ನಡೆದ. ನಡುನಡುವೆ ಅಜ್ಜಿ ಹೇಳಿದಂತೆ ಮೂವತ್ತು ಗಿಡಗಳನ್ನೂ ಬುಡದವರೆಗೆ ಕತ್ತರಿಸಿದ. ಒಂದೊಂದು ಗಿಡವಾದ ಮೇಲೂ ಸುಣ್ಣದ ನೀರಿನಲ್ಲಿ ಹಲ್ಲು ತೊಳೆದ. ಬಾಯಿ ಹುಣ್ಣಾಯಿತು. ಉದುರಿದ ಎಲೆ ಒಂದನ್ನೂ ಬಿಡದೆ ಹೂತ.

ಮಳೆ ಬಿದ್ದಾಗ ಬೊಡ್ಡೆಗಳಲ್ಲಿ ಕೆಂಪು ಚಿಗುರು ಒಡೆಯಿತು. ಒಂದೂ ಚುಕ್ಕೆಯಿಲ್ಲ. ಕಂಟೆಪ್ಪ ಅಜ್ಜಿಯ ಬಳಿ ಓಡಿದ.

"ಅಜ್ಜೀ, ಗಿಡ ಬದುಕಿತು! ಹಣ್ಣು ಯಾವಾಗ?"

"ಮೂರು ಬೇಸಿಗೆ ಕಳೆಯಬೇಕು."

"ಅಷ್ಟರಲ್ಲಿ ಗೆರೆಯವ್ವ..."

ಅಜ್ಜಿ ಚಿಗುರನ್ನೇ ನೋಡುತ್ತಿದ್ದಳು. "ಅಳಿಲಿನ ಆಯಸ್ಸೇ ಅಷ್ಟು, ಮಗಾ" ಎಂದಳು.

ನೀತಿ: ರೋಗ ತೆಗೆಯಲು ಹೋದವನು ತನ್ನ ಕೈಯನ್ನು ಮೊದಲು ಶುಚಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅವನೇ ರೋಗವನ್ನು ಮನೆಮನೆಗೂ ಹೊತ್ತು ಹಂಚುತ್ತಾನೆ.