ಊರು ಕೊಟ್ಟವನು

ಮೇಲ್ಗಾವಲು ರಾಜ್ಯದ ದೊರೆ ಬಲವಂತರಾಯ ಡಂಗುರ ಹೊಡೆಸಿದ. ಅದೇ ಮಾತು ಎಲ್ಲರ ಮೊಬೈಲಿಗೂ ಬಂತು.

"ಪ್ರಜೆಗಳ ಮೊಬೈಲುಗಳಿಗೆ ಮೂರು ಒಗಟು ಕಳಿಸಿದ ಅನಾಮಿಕ ಯಾರು? ಒಗಟು ಬಿಡಿಸಿಯೋ ಬೇರೆ ಹೇಗೋ ಅವನನ್ನು ತೋರಿಸಿದವರಿಗೆ ಅರ್ಧ ರಾಜ್ಯ, ಯಾವ ಅರ್ಧ ಬೇಕೋ ಅದು; ಜೊತೆಗೆ ರಾಜಕುಮಾರಿಯೊಡನೆ ಮದುವೆ. ತಪ್ಪು ಹೇಳಿದವರ ತಲೆ ಹೋಗುತ್ತದೆ. ಕಳಿಸಿದವನ ತಲೆಯಂತೂ ಹೋಗಿಯೇ ಹೋಗುತ್ತದೆ."

ಕಳಿಸಿದವನು ಸಿಗುವವರೆಗೆ ಯಾರಾದರೂ ಒಬ್ಬರು ಸೆರೆಯಲ್ಲಿರಬೇಕಲ್ಲ. ನೀಲವ್ವನನ್ನು ಹಿಡಿದು ತಂದರು. ಕಾಲುವೆಯ ನೀರನ್ನು ಅರಮನೆಯವರು ತಿರುಗಿಸಿಕೊಂಡರೆಂದು ದೂರು ಕೊಡಲು ಹೋದ ಅವಳ ಗಂಡ ಯಮನಪ್ಪ ಹಿಂದಿರುಗಿರಲಿಲ್ಲ; ಅಂಥವರನ್ನೆಲ್ಲ ದೊರೆಯೇ ಆಳು ಬಿಟ್ಟು ಹುಡುಕಿಸುತ್ತಿದ್ದ. ಅವಳೂ ಅವನನ್ನು ಹುಡುಕಿಕೊಂಡು ಊರೂರು ಅಲೆದಿದ್ದಳು. ಮಂತ್ರಿಗೆ ಅಷ್ಟು ಸಾಕ್ಷ್ಯ ಸಾಕಾಯಿತು. ಅಮಾವಾಸ್ಯೆಯೊಳಗೆ ಬೇರೆ ಯಾರೂ ಸಿಗದಿದ್ದರೆ ಅವಳೇ ಅಪರಾಧಿ.

ಮೊದಲು ಬಂದವನು ಅರಮನೆಯ ಜಾಲಾಧಿಕಾರಿ ವಿದ್ಯಾಧರ. ದೊರೆ ತಾನೇ ಒಗಟುಗಳನ್ನು ಓದಿದ.

"ಮನೆಯಲ್ಲಿ ಸಾವಾಗಿದೆ, ಸೂತಕವಿಲ್ಲ. ಅದು ಯಾರ ಮನೆ? ನೀರು ಬತ್ತಿದ ಬಾವಿಗೆ ಚಪ್ಪಡಿ ಹಾಕಿ ಮೇಲೆ ತುಳಸಿ ನೆಟ್ಟರು. ಆ ಬಾವಿ ಏನು ಕುಡಿದಿದೆ? ಕಳೆದುಹೋದವರನ್ನು ಊರೆಲ್ಲ ಹುಡುಕುತ್ತಿದೆ. ಬಚ್ಚಿಟ್ಟವನೇ ಮುಂದೆ ನಿಂತು ಹುಡುಕಿಸುತ್ತಿದ್ದಾನೆ. ಅವನು ಯಾರು?"

"ಇದು ಸಂಕೇತಭಾಷೆ, ಮಹಾಪ್ರಭು. ಬಂದದ್ದು ಪಕ್ಕದ ರಾಜ್ಯದಿಂದ," ಎಂದ ವಿದ್ಯಾಧರ. ಅವನು ನಕಾಶೆ ಬಿಡಿಸುವ ಮೊದಲೇ ತಲೆ ಹೋಯಿತು.

ಆಸ್ಥಾನ ಪಂಡಿತ ತಿಮ್ಮಣಾಚಾರ್ಯರು ಗಂಟಲು ಸರಿಮಾಡಿಕೊಂಡರು. "ಮೊದಲನೆಯದು ಕೋಳಿಮೊಟ್ಟೆ. ಎರಡನೆಯದು ತೆಂಗಿನಕಾಯಿ. ಮೂರನೆಯದು ಗಾಳಿ. ಕಳಿಸಿದ್ದು ಯಾರೋ ಪೋಲಿಗಳು."

"ತಪ್ಪು," ಎಂದ ದೊರೆ.

ಅವರಾದ ಮೇಲೆ ಬಂದ ಮೂರು ಮಂದಿ ರಾಜಕುಮಾರರ ಗತಿಯೂ ಅದೇ. ಪ್ರತಿ ಸಲವೂ ದೊರೆ ಮಾತು ಮುಗಿಯುವ ಮೊದಲೇ ತಪ್ಪು ಎನ್ನುತ್ತಿದ್ದ. ಸರಿಯುತ್ತರ ಗೊತ್ತಿಲ್ಲದವನು ತಪ್ಪನ್ನು ಅಷ್ಟು ಬೇಗ ಹೇಗೆ ಗುರುತಿಸುತ್ತಾನೆ ಎಂದು ಆಸ್ಥಾನದಲ್ಲಿ ಯಾರೂ ಕೇಳಲಿಲ್ಲ. ಆಸ್ಥಾನಗಳು ಇರುವುದೇ ಹಾಗೆ.

ಅಮಾವಾಸ್ಯೆಯ ಬೆಳಿಗ್ಗೆ ನೀಲವ್ವನ ತಮ್ಮ ಭರಮ ಬಂದ. ಸಂತೆಯಲ್ಲಿ ಚುರುಮುರಿ ಮಾರುವವನು.

"ನೀನೂ ಬಿಡಿಸುತ್ತೀಯೇನೋ?" ಎಂದ ಮಂತ್ರಿ.

"ಇಲ್ರಿ. ನನಗೆ ಗೊತ್ತಿಲ್ಲ."

"ಮತ್ತೆ ಸಾಯೋಕೆ ಬಂದೆಯಾ?"

"ಸೋಲೋಕೆ ಬಂದೀನ್ರಿ." ಭರಮ ಮೊಬೈಲು ತೆಗೆದ. "ನಮ್ಮ ಕಡೆ ಒಗಟು ಬಿಡಿಸಲಾಗದಿದ್ರೆ ಸೋತೆ ಅಂದು ಒಂದು ಊರು ಕೊಡ್ತೀವಿ. ಬರೀ ಬಾಯಿಮಾತಿಗೆ. ಊರು ಇಸ್ಕೊಂಡವರು ಎದುರಿಗೆ ಬಂದು ಉತ್ತರ ಹೇಳಲೇಬೇಕು. ನಿಮ್ಮಲ್ಲಿ ಯಾರಾದರೂ ಕೊಟ್ಟು ನೋಡಿದ್ರೇನ್ರಿ?"

ಕೊಟ್ಟಿರಲಿಲ್ಲ. ಆ ಅನಾಮಿಕ ನಂಬರಿಗೆ ಅರಮನೆಯಿಂದ ಬೆದರಿಕೆ ಹೋಗಿತ್ತು, ಆಮಿಷ ಹೋಗಿತ್ತು. ಆಸ್ಥಾನದಲ್ಲಿ ಸೋತೆ ಎಂದು ಬರೆಯುವ ಕೈ ಇರಲಿಲ್ಲ.

ಭರಮ ಬರೆಯುತ್ತಲೇ ಗಟ್ಟಿಯಾಗಿ ಓದಿದ. "ನಾನು ಸೋತೆ. ಹಿರೇಹಾಳು ನಿಮಗೆ ಕೊಟ್ಟೆ. ಬಂದು ಉತ್ತರ ಹೇಳ್ರಿ. ಹೇಳದಿದ್ರೆ ಇವತ್ತು ನಮ್ಮಕ್ಕ ಸಾಯ್ತಾಳೆ."

"ಸೋತೆ ಅನ್ನುವುದು ಉತ್ತರವಲ್ಲ," ಎಂದ ದೊರೆ. "ಎಳೆದುಕೊಂಡು ಹೋಗಿ ಇವನನ್ನ."

"ಬಿಡಿ ಅವನನ್ನು." ಪರದೆ ಸರಿಸಿ ರಾಜಕುಮಾರಿ ಮಲ್ಲಾಂಬೆ ಈಚೆ ಬಂದಳು. ಅವಳ ಕೈಯಲ್ಲಿ ಮೊಬೈಲಿತ್ತು. "ಊರು ನನಗೆ ಬಂದಿದೆ, ಅಪ್ಪಾಜಿ. ಉತ್ತರ ನಾನು ಹೇಳಬೇಕು."

"ಒಳಗೆ ಹೋಗು."

ಅವಳು ಹೋಗಲಿಲ್ಲ. "ಸೂತಕವಿಲ್ಲದ ಸಾವಿನ ಮನೆ ನೀಲವ್ವನದು. ಹೆಣ ಸಿಗದೆ ಅವಳು ಯಾವ ಸೂತಕ ಹಿಡಿಯಬೇಕು? ಅಂಥ ಮನೆಗಳು ಇನ್ನೂ ಇವೆ. ಬತ್ತಿದ ಬಾವಿ ನಮ್ಮ ಹಿತ್ತಲಿನದು. ದೂರು ತಂದವರನ್ನೆಲ್ಲ ಅದು ಕುಡಿದಿದೆ; ನನ್ನ ಕಿಟಕಿಗೆ ಕಾಣಿಸುತ್ತದೆ. ಬಚ್ಚಿಟ್ಟು ಹುಡುಕಿಸುತ್ತಿರುವವರು ನೀವು. ನೇರವಾಗಿ ಹೇಳುವ ಧೈರ್ಯ ನನಗಿರಲಿಲ್ಲ. ಯಾರಾದರೂ ಬಿಡಿಸಲಿ ಎಂದು ಒಗಟು ಮಾಡಿದೆ. ಐದು ತಲೆ ಹೋದರೂ ಪರದೆಯ ಹಿಂದೆ ಕೂತಿದ್ದೆ."

ಮಂತ್ರಿ ಡಂಗುರದ ಮಾತನ್ನು ಮತ್ತೆ ಓದಿ ಬೆವರಿದ. "ಪ್ರಭು, ತೋರಿಸಿದವನಿಗೆ ರಾಜಕುಮಾರಿ. ಕಳಿಸಿದವರಿಗೆ ಕತ್ತಿ. ಯಾವುದು ಮೊದಲು ಅಂತ ನಾವು ಹೇಳಿಲ್ಲ."

"ಕತ್ತಿ," ಎಂದ ದೊರೆ. ಮಗಳ ಮುಖ ನೋಡಲಿಲ್ಲ.

"ಮೊದಲು ನನ್ನ ಅರ್ಧ ಕೊಡ್ರಿ," ಎಂದ ಭರಮ. "ಯಾವ ಅರ್ಧ ಅಂತ ನಾನೇ ಹೇಳಬೇಕಲ್ರೀ? ಬಾವಿ ಇರೋ ಅರ್ಧ. ಸೆರೆಮನೆ ಆ ಕಡೆಗೇ ಐತಿ. ರಾಜಕುಮಾರಿ ಅವ್ವಾರು ನಿಂತಿರೋ ಜಾಗನೂ ಅದರಾಗ ಬರ್ತದ. ಅಲ್ಲಿ ನಿಮ್ಮ ಕತ್ತಿ ನಡೆಯಂಗಿಲ್ಲ."

ದೊರೆ ಸೈನಿಕರ ಕಡೆ ನೋಡಿದ. ಅವರು ಕದಲಲಿಲ್ಲ. ನ್ಯಾಯಕ್ಕೆ ಮಣಿದರು ಎಂದು ನಾನು ಹೇಳುವುದಿಲ್ಲ. ಅವರಲ್ಲಿ ಕೆಲವರ ಅಣ್ಣತಮ್ಮಂದಿರೂ ದೂರು ಕೊಡಲು ಹೋಗಿದ್ದರು, ಅಷ್ಟೇ. ದೊರೆ ಎದ್ದು ತನಗೆ ಉಳಿದ ಅರ್ಧಕ್ಕೆ ನಡೆದ. ಅಲ್ಲಿ ಈಗಲೂ ಆಳುತ್ತಿದ್ದಾನೆ. ಬಾವಿ ಎಂಬುದೇ ಇರಲಿಲ್ಲ ಎಂದು ಅಲ್ಲಿನವರು ನಂಬಿದ್ದಾರೆ.

ಅಂದೇ ಚಪ್ಪಡಿ ಎತ್ತಿದರು. ಮಲ್ಲಾಂಬೆ ಮೂಗಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. "ಇದನ್ನು ಮಾಡಿದವನ ಮಗಳನ್ನು ಕಟ್ಟಿಕೊಂಡು ನೀನೇನು ಮಾಡುತ್ತೀ?"

"ಅದನ್ನ ಆಮೇಲೆ ನೋಡೋಣ್ರಿ," ಎಂದ ಭರಮ. "ಈಗ ಹಗ್ಗ ಹಿಡೀರಿ."

ಅವಳು ಹಿಡಿದಳು. ಸಂಜೆಯವರೆಗೆ ಒಬ್ಬೊಬ್ಬರನ್ನೇ ಮೇಲೆತ್ತಿದರು. ಮುಖಗಳು ಉಳಿದಿರಲಿಲ್ಲ. ಸೆರೆಯಿಂದ ಬಿಡಿಸಿ ಕರೆತಂದ ನೀಲವ್ವ ಒಂದು ಉಡಿದಾರದ ಗಂಟನ್ನು ಬೆರಳಲ್ಲಿ ತಿರುವಿ ನೋಡಿದಳು. ಅದು ಅವಳೇ ಹಾಕಿದ ಗಂಟು.

"ತಮ್ಮಾ, ಈಗ ಅತ್ತರೆ ಯಾರೂ ಏನೂ ಅನ್ನಂಗಿಲ್ಲ ಹೌದಿಲ್ಲೋ?" ಎಂದಳು.

"ಇಲ್ಲಕ್ಕಾ. ಅಳು."