ಕಂಕುಳಲ್ಲಿ ಕೂತ ಸಭೆ

ಕಾವೇರಿ ಕವಲೊಡೆದು ನಡುಗಡ್ಡೆಯನ್ನು ಬಳಸಿ ಹರಿಯುವ ಕಡೆ, ದಡದ ಮೇಲೊಂದು ಆಶ್ರಮವಿತ್ತು. ಅದರ ಗುರು ಸುಭದ್ರಮ್ಮನವರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದು, ಆಮೇಲೆ ಕಾವಿ ಉಟ್ಟವರು.

ಅವರ ಶಿಷ್ಯ ಶಿತಿಕಂಠನಿಗೆ ಒಂದೇ ಹಂಬಲ. ನಡುಗಡ್ಡೆಯ ಗುಹೆಯಲ್ಲಿ ನಲವತ್ತು ದಿನ ಏಕಾಂತದಲ್ಲಿರಬೇಕು, ಯಾರ ಹಂಗೂ ಇಲ್ಲದೆ. ಆ ಅವಕಾಶ ವರ್ಷಕ್ಕೆ ಒಬ್ಬರಿಗೆ ಮಾತ್ರ. ಆರು ವರ್ಷ ಕಾದ ಮೇಲೆ ಅವನ ಸರದಿ ಬಂದಿತ್ತು.

ಹೊರಡಲು ಏಳು ದಿನ ಉಳಿದಿರುವಾಗ ಹುಚ್ಚುನಾಯಿಯೊಂದು ಅವನ ಮೀನಖಂಡಕ್ಕೆ ಬಾಯಿ ಹಾಕಿತು.

ಸುಭದ್ರಮ್ಮನವರು ಕಾಲು ಗಂಟೆ ಸೋಪು ಹಚ್ಚಿ ಗಾಯ ತೊಳೆದರು. ಊರಿನ ಆಸ್ಪತ್ರೆಗೆ ಕರೆದೊಯ್ದು ಗಾಯದ ಸುತ್ತ ಒಂದು ಮದ್ದು, ಎಡತೋಳಿಗೆ ಒಂದು ಲಸಿಕೆ ಹಾಕಿಸಿದರು. ಮೂರನೆಯ ದಿನ ಎರಡನೆಯ ಲಸಿಕೆಯೂ ಆಯಿತು. ಏಳನೆಯ, ಹದಿನಾಲ್ಕನೆಯ, ಇಪ್ಪತ್ತೆಂಟನೆಯ ದಿನದವು ಬಾಕಿ ಇದ್ದವು.

ಗಾಯ ಒಣಗಿತು. ಜ್ವರವಿಲ್ಲ, ನೋವಿಲ್ಲ. ಏಳನೆಯ ದಿನ ಬೆಳಗ್ಗೆ ಶಿತಿಕಂಠ ಸ್ನಾನ ಮುಗಿಸಿ, ಗಂಟು ಕಟ್ಟಿಕೊಂಡು ದೋಣಿಯ ಕಡೆ ನಡೆದ.

ಸೋಪಾನದಲ್ಲಿ ಅಡುಗೆಯ ದೇವೀರಮ್ಮ ಕೊಳಗ ಬೆಳಗುತ್ತಿದ್ದಳು.

"ಅಯ್ಯೋ ಸ್ವಾಮಿ, ಎತ್ತ ಹೊರಟ್ರಿ? ಇವತ್ತು ಸೂಜಿ ದಿನ ಅಲ್ವಾ?"

"ಎರಡು ಚುಚ್ಚಿಸಿಕೊಂಡಿದ್ದೇನೆ. ಸಾಕು."

"ದಿನಾ ದಿನಾ ಬೇಡ, ಮಿಕ್ಕ ಸೂಜಿ ದಿನಕ್ಕಾದ್ರೂ ದೋಣಿ ಕಳಿಸ್ತೀವಿ ತಗೊಳ್ಳಿ."

"ಮನುಷ್ಯರ ಮುಖ ಕಂಡರೆ ಏಕಾಂತ ಮುರಿಯುತ್ತದೆ. ಮತ್ತೆ ಮೊದಲಿಂದ ಎಣಿಸಬೇಕು."

"ನಾಯಿ ಕಚ್ಚಿದ ಮೇಲೆ ಗುಹೆ ಸೇರ್ತೀರಂತೆ. ಯಾತಕ್ಕೆ, ಒಬ್ಬರೇ ಕೂತು ಬೊಗಳೋದಕ್ಕಾ?"

ಶಿತಿಕಂಠನ ಕಿವಿ ಕೆಂಪಾಯಿತು. ಉತ್ತರ ಕೊಡುವಷ್ಟರಲ್ಲಿ ಮೇಲಿನ ಮೆಟ್ಟಿಲಲ್ಲಿ ಸುಭದ್ರಮ್ಮನವರು ಕಾಣಿಸಿದರು. ಅವರ ಒಂದು ಕೈಯಲ್ಲಿ ಮಂಜುಗಡ್ಡೆ ತುಂಬಿದ ಫ್ಲಾಸ್ಕ್, ಇನ್ನೊಂದರಲ್ಲಿ ಗುಹೆಯ ಬೀಗದ ಕೈ.

ಅವರು ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದರು.

"ಹೋಗುವವನು ಹೇಳಿ ಹೋಗಬೇಕು. ಅದು ನಮ್ಮ ಪದ್ಧತಿ."

ಪದ್ಧತಿ ಅವನಿಗೆ ಗೊತ್ತಿತ್ತು. ಗುಹೆಗೆ ಹೊರಟವನು ತನ್ನನ್ನು ಸಲಹಿದವರ ಹೆಸರನ್ನೆಲ್ಲ ಬಾಯಿಬಿಟ್ಟು ಹೇಳಿ ಅಪ್ಪಣೆ ಕೇಳಬೇಕು. ಅವನು ಕೈಮುಗಿದು ಶುರುಮಾಡಿದ. ಅನ್ನ ಬಡಿಸಿದ ದೇವೀರಮ್ಮ. ದೋಣಿ ನಡೆಸುವ ಮಾರಶೆಟ್ಟಿ. ಅಕ್ಷರ ತಿದ್ದಿಸಿದ ಗುರುಗಳು. ಹನ್ನೊಂದು ಹೆಸರಾದವು.

"ಮುಗಿಯಿತೇ?"

"ಮುಗಿಯಿತು ಅಮ್ಮ."

"ಎಡಗೈ ಎತ್ತು."

ಅವನು ಎತ್ತಿದ. ಅವರು ಕಂಕುಳ ಆಳಕ್ಕೆ ಬೆರಳಿಟ್ಟು ಒತ್ತಿದರು.

"ಹಾ!"

"ನೋಯಿತೇ?"

"ಗಂಟು ಕಟ್ಟಿದ ಹಾಗಿದೆ. ಇದೇನು?"

"ಸಭೆ ಸೇರಿದೆ. ನಿನ್ನ ಸಲುವಾಗಿ ಅವರು ಏಳು ದಿನದಿಂದ ಎದ್ದಿಲ್ಲ. ಇವರಲ್ಲಿ ಒಬ್ಬರ ಹೆಸರನ್ನೂ ನೀನು ಹೇಳಲಿಲ್ಲ."

ಶಿತಿಕಂಠನಿಗೆ ಅರ್ಥವಾಗಲಿಲ್ಲ. "ಸೂಜಿಯಲ್ಲಿದ್ದ ಔಷಧಿ ವಿಷವನ್ನು ಕೊಲ್ಲುವುದಿಲ್ಲವೇ?"

"ಸೂಜಿಯಲ್ಲಿರುವುದು ಸತ್ತ ವೈರಿ, ಅದೇ ರೋಗದ ವೈರಾಣುವಿನ ಹೆಣ. ಅದು ಯಾರನ್ನು ಕೊಂದೀತು?"

"ಮತ್ತೆ?"

"ತೋಳಿನ ಮಾಂಸದಲ್ಲಿ ಒಂದು ಕಾವಲು ಕೋಶ ಆ ಹೆಣವನ್ನು ನುಂಗಿತು. ಅದರ ಚೂರೊಂದನ್ನು ಮೈಮೇಲೆ ಧರಿಸಿ ಇಲ್ಲಿಗೆ ನಡೆದು ಬಂತು. ತಾನು ಹೋರಾಡಲಿಲ್ಲ. ಬಂದು ತೋರಿಸಿತು, ಅಷ್ಟೆ."

"ಯಾರಿಗೆ?"

"ಟಿ-ಕೋಶಗಳಿಗೆ. ಸಾವಿರ ಸಾವಿರ ಬಂದು ಮುಟ್ಟಿ ನೋಡಿ, ನನ್ನದಲ್ಲ ಎಂದು ಹೋದವು. ಯಾವುದೋ ಒಂದಕ್ಕೆ ಆ ಚೂರು ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು. ಅದು ಒಂದರಿಂದ ನೂರಾಯಿತು."

"ಅದು ಕೊಂದಿತೇ?"

"ಇಲ್ಲ. ಸಹಾಯಕ್ಕೆ ನಿಂತಿತು. ವೈರಿಯನ್ನು ಕಟ್ಟಿಹಾಕುವ ಪ್ರತಿಕಾಯ ಮಾಡುವ ವಿದ್ಯೆ ಇರುವುದು ಬಿ-ಕೋಶಕ್ಕೆ. ಅದೂ ತಾನೇ ಆ ವೈರಿಯನ್ನು ಹಿಡಿದಿತ್ತು. ಆದರೂ ಕೆಲಸ ಶುರುಮಾಡಲಿಲ್ಲ. ಹಿಡಿದದ್ದನ್ನು ಟಿ-ಕೋಶದ ಮುಂದಿಟ್ಟು ಕಾದಿತು."

"ವಿದ್ಯೆ ಇದ್ದವನು ಕಾಯುವುದೇಕೆ?"

"ತಾನು ಹಿಡಿದದ್ದು ವೈರಿಯೋ, ಸ್ವಂತ ಮೈಯೋ? ಒಬ್ಬನ ಕಣ್ಣಿಗೆ ತಪ್ಪಾಗಬಹುದು. ಅದಕ್ಕೆ ಇನ್ನೊಬ್ಬನ ಸಮ್ಮತಿ ಬೇಕು. ಸಮ್ಮತಿ ಸಿಗದ ಬಿ-ಕೋಶ ಹಟ ಮಾಡುವುದಿಲ್ಲ, ಶಿತಿಕಂಠ. ಸುಮ್ಮನೆ ಅಳಿಯುತ್ತದೆ."

ದೇವೀರಮ್ಮ ಕೊಳಗ ಬಿಟ್ಟು ಕೂತಳು. "ಅಮ್ಮಾ, ಇಷ್ಟೆಲ್ಲ ನಮ್ಮ ಕಂಕುಳಲ್ಲೂ ನಡೆಯುತ್ತಾ?"

"ನಿನ್ನದರಲ್ಲೂ."

"ಥೂ, ನಾನು ಅಲ್ಲಿ ಬೆವರು ಮಾತ್ರ ಅಂದುಕೊಂಡಿದ್ದೆ."

ಸುಭದ್ರಮ್ಮನವರು ನಗಲಿಲ್ಲ. ಆದರೆ ಅವರ ಕಣ್ಣಂಚು ಸಡಿಲವಾಯಿತು.

"ಸಮ್ಮತಿ ಸಿಕ್ಕ ಬಿ-ಕೋಶ ತನ್ನಂಥವನ್ನೇ ಸಾವಿರ ಹೆರುತ್ತದೆ," ಎಂದರು. "ಒಂದೊಂದರ ಹಿಡಿತವೂ ತುಸು ಬೇರೆ. ಟಿ-ಕೋಶಗಳು ಅವನ್ನೆಲ್ಲ ಪರೀಕ್ಷೆಗೆ ನಿಲ್ಲಿಸುತ್ತವೆ. ಹಿಡಿತ ಸಡಿಲವಾದದ್ದು ಸರಿದು ಸಾಯುತ್ತದೆ, ಬಿಗಿಯಾದದ್ದು ಮುಂದುವರಿಯುತ್ತದೆ. ಮೂವತ್ತು ವರ್ಷ ಓದಿದೆ, ಕಲಿಸಿದೆ. ಇಷ್ಟು ಕಟ್ಟುನಿಟ್ಟಾದ ಗುರುಕುಲವನ್ನು ನಾನು ಬೇರೆಲ್ಲೂ ಕಾಣಲಿಲ್ಲ."

"ಈಗ ಅವು ಎಲ್ಲಿಯವರೆಗೆ ಬಂದಿವೆ?"

"ಈಗ ತಾನೇ ಕೆಲಸಕ್ಕೆ ಕೈ ಹಚ್ಚಿವೆ. ಇವತ್ತು ಮತ್ತೆ ವೈರಿಯನ್ನು ತೋರಿಸಬೇಕು. ತೋರಿಸಿದಷ್ಟೂ ಹಿಡಿತ ಬಿಗಿಯಾಗುತ್ತದೆ."

ಶಿತಿಕಂಠ ಒಣಗಿದ ಗಾಯವನ್ನು ನೋಡಿದ. "ಹಾಗಾದರೆ ಈ ಏಳು ದಿನ ನನ್ನನ್ನು ಕಾದವರು ಯಾರು?"

"ಗಾಯದ ಸುತ್ತ ಹಾಕಿಸಿದೆನಲ್ಲ, ಅದು ಯಾರೋ ಅಪರಿಚಿತರ ರಕ್ತದಿಂದ ತೆಗೆದ ಪ್ರತಿಕಾಯ. ನಿನ್ನವರು ತಯಾರಾಗುವವರೆಗೆ ಅವರದು ಕಾವಲು. ಅದೂ ದಿನದಿನಕ್ಕೆ ಕರಗುತ್ತದೆ."

ಹೊಳೆಯಲ್ಲಿ ಮಾರಶೆಟ್ಟಿ ಗಣೆಯೂರಿ ಕಾಯುತ್ತಿದ್ದ. ನಡುಗಡ್ಡೆಯ ಬಂಡೆ ಬಿಸಿಲಿಗೆ ಹೊಳೆಯುತ್ತಿತ್ತು. ಆರು ವರ್ಷ ದಿನಾ ನೋಡಿದ ಬಂಡೆ.

"ನಾನು ಇವತ್ತು ಹೋಗದಿದ್ದರೆ?"

"ಗುಹೆ ಈ ವರ್ಷ ಇನ್ನೊಬ್ಬರಿಗೆ."

"ಹೋದರೆ?"

"ಇವತ್ತಿನದು ಹಾಕಿಸಿಕೊಂಡು ಹೋದರೂ ಉಳಿದ ಎರಡು ತಪ್ಪುತ್ತವೆ. ಬದುಕಿದರೂ ಬದುಕಬಹುದು. ಆದರೆ ಆ ರೋಗ ತಲೆಗೇರಿದ ಮೇಲೆ ನನ್ನ ಕೈಯಲ್ಲಿ ಒಬ್ಬರೂ ಉಳಿದಿಲ್ಲ. ನೀರು ಕೊಡಲು ಹೋದರೆ ನೀರಿಗೇ ಹೆದರುತ್ತಿದ್ದರು." ಅವರು ಅವನ ಅಂಗೈಯ ಕಡೆ ನೋಡಿದರು. "ಬೀಗದ ಕೈ ನಿನ್ನಲ್ಲಿದೆ. ನಾನು ಕಿತ್ತುಕೊಳ್ಳುವುದಿಲ್ಲ."

ಶಿತಿಕಂಠ ಮುಷ್ಟಿ ಬಿಗಿದ. ಬೀಗದ ಕೈಯ ಹಲ್ಲು ಅಂಗೈಗೆ ಒತ್ತಿ ಗೆರೆ ಮೂಡಿತು.

ಆಮೇಲೆ ಅದನ್ನು ಗುರುಗಳ ಪಾದದ ಬಳಿ ಇಟ್ಟ. ಮೆಟ್ಟಿಲ ಮೇಲೆ ಕೂತು ಅಂಗಿಯ ತೋಳು ಮಡಚಿದ.

ಸುಭದ್ರಮ್ಮನವರು ಫ್ಲಾಸ್ಕಿನಿಂದ ಸೀಸೆ ತೆಗೆದರು. ಸೂಜಿ ಇಳಿಯಿತು. ಅವನು ಕಣ್ಣು ಮುಚ್ಚಲಿಲ್ಲ.

"ಅಮ್ಮ, ಕೆಲಸ ಮುಗಿದ ಮೇಲೆ ಅವರೆಲ್ಲ ಏನಾಗುತ್ತಾರೆ?"

"ಬಹುಪಾಲು ಸಾಯುತ್ತಾರೆ. ಕೆಲವರು ನೆನಪಿಟ್ಟುಕೊಂಡು ವರ್ಷಗಟ್ಟಲೆ ಉಳಿಯುತ್ತಾರೆ. ವೈರಿ ಮತ್ತೆ ಬಂದಾನೆಂದು."

"ನೋಡಿದವನು ಒಬ್ಬ, ಒಪ್ಪಿದವನು ಒಬ್ಬ, ಮಾಡಿದವನು ಇನ್ನೊಬ್ಬ. ನಾನು ಯಾರಿಗೆ ಕೈಮುಗಿಯಲಿ? ನನ್ನನ್ನು ಉಳಿಸಿದವರು ಇವರಲ್ಲಿ ಯಾರು?"

ಸುಭದ್ರಮ್ಮನವರು ಹತ್ತಿಯನ್ನು ಅವನ ತೋಳಿಗೊತ್ತಿ ಹಿಡಿದರು.

"ಕೇಳಿ ನೋಡು. 'ನಾನು' ಎಂದು ಒಬ್ಬರೂ ಕೈ ಎತ್ತುವುದಿಲ್ಲ."