ಚಿಕ್ಕದೊಂದು ಯುದ್ಧ

ದಳವಾಯಿ ಕಾಚರಸ ಚಿಕ್ಕಂದಿನಲ್ಲಿ ಹೊಳೆದಂಡೆಯ ಆಶ್ರಮದಲ್ಲಿ ಓದಿದವನು. ಈಗ ರಾಜ್ಯದ ಸೈನ್ಯವೆಲ್ಲ ಅವನ ಕೈಯಲ್ಲಿತ್ತು. ಆದರೂ ಮನಸ್ಸು ಕೆಟ್ಟಾಗ ಗುರುಗಳ ಬಳಿಗೇ ಬರುತ್ತಿದ್ದ.

ಆ ದಿನ ಅಕ್ಕನ ಮಗ ಮಾಯಿದೇವನನ್ನೂ ಕರೆತಂದಿದ್ದ. ಮಾಯಿದೇವ ಕುದುರೆ ದಳದ ನಾಯಕ.

“ಯುದ್ಧ ನಡೆದು ಒಂದು ತಲೆಮಾರೇ ಆಯಿತು, ಗುರುಗಳೇ,” ಎಂದ ಕಾಚರಸ. “ಸೈನಿಕರು ಕುಡಿದು ಬೀಳುತ್ತಾರೆ, ಸಂತೆಯಲ್ಲಿ ಹೆಂಗಸರನ್ನು ಕೆಣಕುತ್ತಾರೆ. ಇವರನ್ನು ಯಾಕೆ ಸಾಕಬೇಕು ಎಂದು ಜನ ಮುಖಕ್ಕೇ ಕೇಳುತ್ತಾರೆ.”

“ಒಂದು ತಲೆಮಾರು ಯುದ್ಧ ನಡೆದಿಲ್ಲವಲ್ಲ. ಅದು ಅವರು ಮಾಡಿದ ಕೆಲಸವಲ್ಲವೇ?”

“ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೇ ಹೊಳೆ ದಾಟಿ ಚಿಕ್ಕದೊಂದು ಯುದ್ಧ ಮಾಡೋಣ ಎಂದಿದ್ದೇನೆ. ಆ ದಡದಲ್ಲಿ ಇರುವುದು ಊರ ಕಾವಲುಗಾರರು ಮಾತ್ರ. ಹೆಚ್ಚು ಜನ ಸಾಯುವುದಿಲ್ಲ. ಆಶೀರ್ವಾದ ಮಾಡಿ.”

“ಸಾಯುವವರನ್ನು ಕರೆದುಕೊಂಡು ಬಾ. ಮೊದಲು ಅವರಿಗೆ ಮಾಡುತ್ತೇನೆ.”

“ಅವರು ಯಾರೆಂದು ಈಗಲೇ ಹೇಗೆ ಹೇಳಲಿ?”

ಗುರುಗಳು ಮಾಯಿದೇವನ ಮುಖ ನೋಡಿದರು. ಅವನು ತಲೆ ತಗ್ಗಿಸಿದ. ಗುರುಗಳು ಎದ್ದು ಒಳಗೆ ಹೋದರು.

ಆಶೀರ್ವಾದವಿಲ್ಲದೆಯೇ ಯುದ್ಧ ನಡೆಯಿತು. ಆ ದಡದ ಊರುಗಳು ಸುಟ್ಟುಹೋದವು. ಕಾಚರಸ ಗೆದ್ದ.

ಮಳೆಗಾಲ ಕಳೆದ ಮೇಲೆ ಅವನು ಒಬ್ಬನೇ ಬಂದ.

“ಮಾಯಿದೇವ ಎಲ್ಲಿ?”

“ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದೆ. ಹಿಂದೆ ನಿಲ್ಲಿಸಿದ್ದರೆ ಅಕ್ಕನ ಮಗನನ್ನು ಉಳಿಸಿಕೊಂಡ ಎನ್ನುತ್ತಿದ್ದರು. ಅಕ್ಕ ನನ್ನೊಡನೆ ಮಾತು ಬಿಟ್ಟಿದ್ದಾಳೆ.”

ಗುರುಗಳು ನೀರು ಕೊಟ್ಟರು. ಅವನು ಕುಡಿಯಲಿಲ್ಲ.

“ಆದರೂ ಹುಡುಗ ಸುಮ್ಮನೆ ಸಾಯಲಿಲ್ಲ, ಗುರುಗಳೇ. ಈಗ ನಮ್ಮ ಸೈನಿಕರು ಬೀದಿಯಲ್ಲಿ ಬಂದರೆ ಜನ ಎದ್ದು ನಿಲ್ಲುತ್ತಾರೆ. ಆ ದಡದವರು ಮನೆಗೊಬ್ಬನನ್ನು ಸೇರಿಸಿಕೊಂಡು ದೊಡ್ಡ ಸೈನ್ಯ ಕಟ್ಟುತ್ತಿದ್ದಾರಂತೆ. ನಮ್ಮದನ್ನು ಎರಡರಷ್ಟು ಮಾಡಲು ಅರಸರೂ ಒಪ್ಪಿದ್ದಾರೆ. ಸೈನ್ಯ ಯಾಕೆ ಎಂದು ಇನ್ನು ಯಾರೂ ಕೇಳುವುದಿಲ್ಲ.”

“ಕೇಳುವುದಿಲ್ಲ,” ಎಂದರು ಗುರುಗಳು. “ಇಷ್ಟು ವರ್ಷ ಆ ದಡದವರಿಗೆ ಸೈನ್ಯ ಬೇಕಿರಲಿಲ್ಲ, ಕಾಚರಸ. ನೀನೇ ಹೋಗಿ ಕಟ್ಟಿಕೊಟ್ಟು ಬಂದೆ.”